‘ವೆಂಟ್’ ನನಗೆ ಒಲಿದಿದ್ದು ‘ಹೋಗಲಿಲ್ಲ’ದಿಂದ

ಹತ್ತನೇ ಕ್ಲಾಸಿನವರೆಗೆ ನಾನು ಕನ್ನಡ ಮೀಡಿಯಂ. ‘ಗೋ, ವೆಂಟ್, ಗಾನ್’ ಮಗ್ಗಿ ಥರ ಬಾಯಿಗೆ ಬರುತ್ತಿತ್ತು. ವಾಕ್ಯ ಮಾಡುವಾಗ ಮಾತ್ರ ತಡವರಿಸುತ್ತಿದ್ದೆ.

ಕೆಲಸಕ್ಕೆ ಸೇರಿದ ಹೊಸತು. ‘ಡಿಡ್ ಯು ಗೋ ಟು ದ ಬ್ಯಾಂಕ್?’ ಅಂತ ಮ್ಯಾನೇಜರ್ ಕೇಳಿದರು. ‘ಐ ಡಿಡ್ ನಾಟ್ ವೆಂಟ್ ಸರ್’ ಅಂದೆ. ಪಕ್ಕದ ಟೇಬಲ್ಲಿನವರು ಮುಖ ಮುಖ ನೋಡಿಕೊಂಡರು. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

‘ಡಿಡ್’ ಬಂದರೆ ‘ವೆಂಟ್’ ಬರಬಾರದು ಅನ್ನುವ ನಿಯಮ ನನಗೆ ಗೊತ್ತಿತ್ತು. ನಾಲಿಗೆ ಕೇಳುತ್ತಿರಲಿಲ್ಲ, ಅಷ್ಟೇ. ದಾರಿ ಸಿಕ್ಕಿದ್ದು ನಮ್ಮ ಕನ್ನಡದಲ್ಲೇ. ‘ಹೋದೆ’ ಅನ್ನುತ್ತೇವೆ. ಇಲ್ಲ ಅನ್ನಬೇಕಾದರೆ ‘ಹೋದೆ ಇಲ್ಲ’ ಅನ್ನುತ್ತೇವಾ? ‘ಹೋಗಲಿಲ್ಲ’ ಅನ್ನುತ್ತೇವೆ. ‘ಹೋದೆ’ ಬಿಟ್ಟು ‘ಹೋಗು’ ವಾಪಸ್ ಬಂತು, ಅಲ್ವಾ? ಇಂಗ್ಲಿಷಿನಲ್ಲೂ ‘ವೆಂಟ್’ ಬಿಟ್ಟು ‘ಗೋ’ ವಾಪಸ್ ಬರುತ್ತದೆ. ತಿಂದೆ, ತಿನ್ನಲಿಲ್ಲ: ಏಟ್, ಡಿಡ್ ನಾಟ್ ಈಟ್. ನೋಡಿದೆ, ನೋಡಲಿಲ್ಲ: ಸಾ, ಡಿಡ್ ನಾಟ್ ಸೀ. ಒಂದು ನೋಟ್‌ಬುಕ್ಕಿನ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆಯುತ್ತಾ ಹೋದೆ. ಅವತ್ತು ಎಲ್ಲಿಗೆ ಹೋದೆ, ಎಲ್ಲಿಗೆ ಹೋಗಲಿಲ್ಲ, ದಿನಾ ಎರಡೇ ಸಾಲು.

ಅಂದಹಾಗೆ, ‘ವೆಂಟ್’ ಮೂಲದಲ್ಲಿ ‘ಗೋ’ಗೆ ಸೇರಿದ್ದೇ ಅಲ್ಲ. ‘ವೆಂಡ್’ ಅನ್ನುವ ಬೇರೆ ಕ್ರಿಯಾಪದದ ಭೂತಕಾಲ ಅದು, ‘ಸೆಂಡ್’ಗೆ ‘ಸೆಂಟ್’ ಇದ್ದ ಹಾಗೆ. ಇದು ತಿಳಿದ ಮೇಲೆ ಆ ಪದದ ಮೇಲಿನ ಸಿಟ್ಟು ಹೋಯಿತು.

ಪ್ರಶ್ನೆ ಕೇಳುವಾಗ ಕನ್ನಡ ಕೈ ಹಿಡಿಯುವುದಿಲ್ಲ. ನಾವು ‘ಹೋದೆಯಾ?’ ಅಂತ ಭೂತಕಾಲದಲ್ಲೇ ಕೇಳುತ್ತೇವೆ, ಹಾಗಾಗಿ ‘ಡಿಡ್ ಯು ವೆಂಟ್’ ಸುಮ್ನೆ ಬಂದುಬಿಡುತ್ತದೆ. ಇದಕ್ಕೆ ಜೋರಾಗಿ ಹೇಳಿ ಹೇಳಿ ರೂಢಿ ಮಾಡಿಕೊಂಡೆ.

ಜಾಸ್ತಿ ದಿನ ಕಾಡಿದ್ದು ‘ಹೋಗಿದ್ದೆ’. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಅನ್ನುವುದು ನಮಗೆ ಎಷ್ಟು ಸಹಜ! ಅದನ್ನೇ ‘ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್‌ಡೇ’ ಮಾಡುತ್ತಿದ್ದೆ. ಬರೀ ನಿನ್ನೆಯ ಸುದ್ದಿ ಹೇಳುವುದಕ್ಕೆ ‘ಐ ವೆಂಟ್’ ಸಾಕು. ನಾನು ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ ಹೋಗಿತ್ತು ಅನ್ನಬೇಕಾದರೆ ‘ದ ಬಸ್ ಹ್ಯಾಡ್ ಗಾನ್’ ಸರಿ. ಅಲ್ಲಿ ಎರಡು ಸಂಗತಿ ಇವೆ, ಬಸ್ಸಿನದು ಮೊದಲು ಮುಗಿದಿದೆ.

ಈಗಲೂ ಮೇಲ್ ಬರೆದಾದ ಮೇಲೆ ‘ಹ್ಯಾಡ್’ ಎಲ್ಲೆಲ್ಲಿದೆ ಅಂತ ಹುಡುಕುತ್ತೇನೆ. ಎರಡನೇ ಸಂಗತಿ ಕಾಣದಿದ್ದರೆ ಅಳಿಸಿ, ‘ವೆಂಟ್’ ಹಾಕಿ ಕಳಿಸುತ್ತೇನೆ.