ಟೈಟಾನಿಯಂ ನೈಟ್ರೈಡ್ ಲೇಪನ: ನೈಟ್ರೋಜನ್ ಹದ ಹಿಡಿಯುವುದು

ಡ್ರಿಲ್ ಬಿಟ್‌ಗಳ ಮೇಲೆ ಹೊಂಬಣ್ಣದ ಲೇಪನ ನೋಡಿರುತ್ತೀರಿ ಅಲ್ವಾ? ಹೆಚ್ಚಾಗಿ ಅದು ಟೈಟಾನಿಯಂ ನೈಟ್ರೈಡ್. ಎರಡು ಮೂರು ಮೈಕ್ರಾನ್ ದಪ್ಪ ಸಾಕು, ಉಕ್ಕಿನ ಸವೆತ ಎಷ್ಟೋ ತಗ್ಗುತ್ತದೆ. ಹೈಸ್ಪೀಡ್ ಸ್ಟೀಲ್ ತುಂಡುಗಳ ಮೇಲೆ ನಾನು ಇದನ್ನು ಮ್ಯಾಗ್ನೆಟ್ರಾನ್ ಸ್ಪಟರಿಂಗ್‌ನಲ್ಲಿ ಕೂರಿಸುತ್ತೇನೆ. ಅಂದರೆ ನಿರ್ವಾತ ಚೇಂಬರ್‌ನಲ್ಲಿ ಆರ್ಗಾನ್ ಅಯಾನುಗಳು ಟೈಟಾನಿಯಂ ಹಲಗೆಗೆ (ಇದೇ ಟಾರ್ಗೆಟ್) ಬಡಿದು ಪರಮಾಣುಗಳನ್ನು ಹಾರಿಸುತ್ತವೆ; ಅವು ನೈಟ್ರೋಜನ್ ಜೊತೆ ಸೇರಿ ತುಂಡಿನ ಮೇಲೆ ಕೂರುತ್ತವೆ.

ಪಾಲಿಶ್ ಮಾಡಿದ ತುಂಡುಗಳನ್ನು ಅಲ್ಟ್ರಾಸಾನಿಕ್ ಬಾತ್‌ನಲ್ಲಿ ಮೊದಲು ಅಸಿಟೋನ್, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆಯುತ್ತೇನೆ. ಅಲ್ಲಿಂದ ಮುಂದೆ ಬೆರಳು ಸೋಕುವಂತಿಲ್ಲ. ಚೇಂಬರ್ ಒಳಗಿನ ಒತ್ತಡ ಮಿಲಿಬಾರ್‌ನ ಹತ್ತು ಲಕ್ಷದಲ್ಲಿ ಕೆಲವೇ ಭಾಗಕ್ಕೆ ಇಳಿಯುವ ತನಕ ಕಾಯಬೇಕು. ಕೊನೆಯವರೆಗೂ ಹಠ ಹಿಡಿಯುವುದು ಗೋಡೆಗೆ ಅಂಟಿದ ನೀರಿನ ಆವಿ. ಚೇಂಬರ್ ಬಿಸಿ ಮಾಡಿದರೆ ಅದು ಬೇಗ ಬಿಡುತ್ತದೆ. ಟಾರ್ಗೆಟ್‌ಗೂ ತುಂಡಿಗೂ ನಡುವಿನ ಶಟರ್ (ಅಡ್ಡ ತಟ್ಟೆ) ಮುಚ್ಚಿಟ್ಟು ಬರೀ ಆರ್ಗಾನ್‌ನಲ್ಲಿ ಟೈಟಾನಿಯಂ ಟಾರ್ಗೆಟ್ ಓಡಿಸುವುದೂ ಒಳ್ಳೆಯದು. ಟಾರ್ಗೆಟ್ ಚೊಕ್ಕಟವಾಗುತ್ತದೆ, ಗೋಡೆಗೆ ಕೂತ ಹೊಸ ಟೈಟಾನಿಯಂ ಉಳಿದ ಆಮ್ಲಜನಕವನ್ನೂ ಆವಿಯನ್ನೂ ಹೀರಿಕೊಳ್ಳುತ್ತದೆ.

ನಂತರ ತುಂಡಿಗೆ ಕೆಲವು ನೂರು ವೋಲ್ಟ್ ಋಣ ಬಯಾಸ್ (ಅಯಾನುಗಳನ್ನು ಸೆಳೆಯುವ ಋಣ ವೋಲ್ಟೇಜ್) ಕೊಟ್ಟು ಆರ್ಗಾನ್ ಅಯಾನುಗಳಿಂದ ಮೈ ಕೆರೆಸುತ್ತೇನೆ. ಅದರ ಮೇಲೆ ತೆಳುವಾಗಿ ಶುದ್ಧ ಟೈಟಾನಿಯಂ ಪದರ. ಇದನ್ನು ಬಿಟ್ಟರೆ ಲೇಪನ ನೋಡಲು ಚೆನ್ನಾಗಿದ್ದರೂ ಹಿಡಿತ ಸಾಲುವುದಿಲ್ಲ.

ಈಗ ನೈಟ್ರೋಜನ್. ನಿಜವಾದ ಕಸರತ್ತು ಇಲ್ಲೇ. ಒಂದು ಮಟ್ಟದವರೆಗೆ ಅದನ್ನು ಹೆಚ್ಚಿಸುತ್ತಾ ಹೋದರೂ ಒತ್ತಡ ಹೆಚ್ಚುಕಡಿಮೆ ಅಲ್ಲಾಡುವುದಿಲ್ಲ. ಹಾರಿ ಬರುವ ಟೈಟಾನಿಯಂ ಅದನ್ನು ಕುಡಿದುಬಿಡುತ್ತದೆ. ಆ ಮಟ್ಟ ದಾಟಿತೋ, ಹಾಲು ಉಕ್ಕಿದ ಹಾಗೆ ಒತ್ತಡ ಥಟ್ಟನೆ ಏರುತ್ತದೆ. ಟಾರ್ಗೆಟ್ ಮೇಲೇ ನೈಟ್ರೈಡ್ ಪೊರೆ ಕಟ್ಟಿ ಲೇಪನದ ವೇಗ ಕುಸಿಯುತ್ತದೆ. ಹಾಲಾದರೆ ಉರಿ ತಗ್ಗಿಸಿದ ಕೂಡಲೇ ಇಳಿಯುತ್ತದೆ. ಇಲ್ಲಿ ಹಾಗಲ್ಲ. ಉಕ್ಕಿದ ಜಾಗಕ್ಕಿಂತ ಸಾಕಷ್ಟು ಕೆಳಗೆ ನೈಟ್ರೋಜನ್ ಇಳಿಸಿದ ಮೇಲೇ ಟಾರ್ಗೆಟ್ ಹಳೆಯ ಸ್ಥಿತಿಗೆ ಬರುವುದು. ಹಾಗಾಗಿ ಬೇರೊಬ್ಬರ ಫ್ಲೋ ಅಂಕಿಯನ್ನು ಸುಮ್ನೆ ನಕಲು ಮಾಡುವುದರಲ್ಲಿ ಅರ್ಥವಿಲ್ಲ. ಪಂಪ್ ವೇಗ, ಟಾರ್ಗೆಟ್ ಗಾತ್ರ, ಪವರ್ ಬದಲಾದರೆ ಈ ಮಟ್ಟವೂ ಬದಲಾಗುತ್ತದೆ. ನಾನು ಪವರ್ ಬದಲಿಸದೆ ನೈಟ್ರೋಜನ್ ಏರಿಸುತ್ತಾ, ಇಳಿಸುತ್ತಾ ಒತ್ತಡ ಮತ್ತು ಟಾರ್ಗೆಟ್ ವೋಲ್ಟೇಜ್ ಬರೆದುಕೊಂಡು, ಉಕ್ಕುವುದಕ್ಕೆ ತುಸು ಮುಂಚಿನ ಜಾಗ ಹಿಡಿಯುತ್ತೇನೆ.

ಹದ ಸರಿ ಇದೆಯಾ ಅಂತ ಬಣ್ಣವೇ ಅರ್ಧ ಹೇಳುತ್ತದೆ. ನೈಟ್ರೋಜನ್ ಕಡಿಮೆಯಾದರೆ ಬೆಳ್ಳಿ ಛಾಯೆಯ ಪೇಲವ ಹಳದಿ, ಜಾಸ್ತಿಯಾದರೆ ಕಂದು. ಆದರೆ ಬಣ್ಣ ನಂಬಿ ಗಡಸುತನ ಊಹಿಸಬೇಡಿ. ಅದಕ್ಕೆ ಬಯಾಸ್ ಕೂಡ ಬೇಕು. ಲೇಪನ ಬೆಳೆಯುವಾಗ 50ರಿಂದ 100 ವೋಲ್ಟ್ ಋಣ ಬಯಾಸ್ ಇದ್ದರೆ ಪದರ ಒತ್ತಾಗಿ ಕೂರುತ್ತದೆ. ತೀರಾ ಏರಿಸಿದರೆ ಒಳಗಿನ ಬಿಗಿತ ಹೆಚ್ಚಿ ತಾನಾಗಿಯೇ ಸಿಪ್ಪೆ ಏಳುತ್ತದೆ.

ಹಿಡಿತ ನೋಡಲು ರಾಕ್‌ವೆಲ್ ಯಂತ್ರದ ವಜ್ರದ ಮೊನೆ ಒತ್ತಿ, ಗುಳಿಯ ಅಂಚನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ಸಣ್ಣ ಬಿರುಕಿದ್ದರೆ ಚಿಂತೆಯಿಲ್ಲ. ಸುತ್ತ ಚಕ್ಕೆ ಎದ್ದಿದ್ದರೆ ಆ ಬ್ಯಾಚ್ ಪಕ್ಕಕ್ಕೆ. ದಪ್ಪ ಅಳೆಯಲು ಪ್ರತಿ ಬ್ಯಾಚಿನಲ್ಲೂ ಒಂದು ಭಾಗ ಮರೆಮಾಡಿದ ಸಿಲಿಕಾನ್ ಚೂರನ್ನು ತುಂಡುಗಳ ಪಕ್ಕದಲ್ಲೇ ಇಡುತ್ತೇನೆ. ಮರೆ ತೆಗೆದಾಗ ಕಾಣುವ ಮೆಟ್ಟಿಲಿನ ಎತ್ತರವೇ ಲೇಪನದ ದಪ್ಪ.