ಜಾವಾ ಪ್ರೋಗ್ರಾಮಿಗೆ ಸೀರಿಯಲ್ ಪೋರ್ಟಿನ ವಿಳಾಸ ಕಲಿಸುವುದು ಹೇಗೆ?

ರಾಸ್ಪ್‌ಬೆರಿ ಪೈಯಂತಹ ಪುಟ್ಟ ಬೋರ್ಡಿನ ಮೇಲೆ ಓಡುವ ಜಾವಾ ಪ್ರೋಗ್ರಾಮಿಗೆ ಎಚ್‌ಟಿಟಿಪಿಎಸ್, ಫೈಲ್, ಜಾರ್ (ಜಾವಾ ಕೋಡಿನ ಕಟ್ಟು) ವಿಳಾಸಗಳು ಮೊದಲಿನಿಂದಲೇ ಗೊತ್ತು. ಸೀರಿಯಲ್ ಪೋರ್ಟಿಗೆ (ದತ್ತಾಂಶವನ್ನು ಒಂದೊಂದೇ ಬಿಟ್ ಆಗಿ ದಾಟಿಸುವ ಕಿಂಡಿ) ಸಿಕ್ಕಿಸಿದ ಮಣ್ಣಿನ ತೇವಾಂಶದ ಸೆನ್ಸರ್ ಮಾತ್ರ ಅದಕ್ಕೆ ಅಪರಿಚಿತ. ‘ಸೀರಿಯಲ್:///ಡೆವ್/ಟಿಟಿವೈಯುಎಸ್‌ಬಿ0?ಬಾಡ್=9600’ (ಬಾಡ್ ಎಂದರೆ ಪೋರ್ಟಿನ ವೇಗ) ಎಂದು ಕೊಟ್ಟರೆ ‘ಅನ್‌ನೋನ್ ಪ್ರೊಟೊಕಾಲ್’ (ಈ ಬಗೆಯ ವಿಳಾಸ ಗೊತ್ತಿಲ್ಲ) ಎಂದು ಕೈಚೆಲ್ಲುತ್ತದೆ. ಈ ವಿಳಾಸವನ್ನು ಒಮ್ಮೆ ಕಲಿಸಿಬಿಡಿ. ನಾಳೆ ಸೆನ್ಸರ್ ವೈಫೈಗೆ ಬದಲಾದರೂ ಸೆಟ್ಟಿಂಗ್ ಕಡತದಲ್ಲಿ ವಿಳಾಸ ತಿದ್ದಿದರಾಯಿತು, ಅಂಕಿಅಂಶ ಓದುವ ಕೋಡನ್ನು ಮುಟ್ಟಬೇಕಿಲ್ಲ.

ಲಿನಕ್ಸ್‌ನಲ್ಲಿ ಮೊದಲು ನಿಮ್ಮ ಬಳಕೆದಾರ ಖಾತೆ ‘ಡಯಲ್‌ಔಟ್’ ಗುಂಪಿನಲ್ಲಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಪೋರ್ಟ್ ತೆರೆಯಲು ಅನುಮತಿಯೇ ಸಿಗುವುದಿಲ್ಲ.

ಈಗ ಯುಆರ್‌ಎಲ್‌ಕನೆಕ್ಷನ್ ಕ್ಲಾಸನ್ನು (ವಿಳಾಸದೊಂದಿಗಿನ ಸಂಪರ್ಕ ನಿಭಾಯಿಸುವ ಜಾವಾ ಕ್ಲಾಸ್) ವಿಸ್ತರಿಸಿ ನಿಮ್ಮದೊಂದು ಕ್ಲಾಸ್ ಬರೆಯಿರಿ. ಅದರ ‘ಕನೆಕ್ಟ್’ ಮೆಥಡ್ ಪೋರ್ಟ್ ತೆರೆಯಬೇಕು. ಆಗಲೇ ತೆರೆದಿದ್ದರೆ ಏನೂ ಮಾಡದೆ ಹಿಂತಿರುಗಬೇಕು. ‘ಗೆಟ್‌ಇನ್‌ಪುಟ್‌ಸ್ಟ್ರೀಮ್’ ಮೊದಲು ಕನೆಕ್ಟ್ ಅನ್ನು ಕರೆದು, ಬಳಿಕ ಸ್ಟ್ರೀಮ್ (ದತ್ತಾಂಶ ಓದುವ ಹರಿವು) ಕೊಡಬೇಕು.

ಹೆಚ್ಚಿನವರು ಎಡವುವುದು ಇಲ್ಲೇ. ಯುಆರ್‌ಎಲ್‌ಕನೆಕ್ಷನ್‌ಗೆ ‘ಕ್ಲೋಸ್’ ಮೆಥಡ್ ಇಲ್ಲ. ಆದ್ದರಿಂದ ನೀವು ಕೊಡುವ ಸ್ಟ್ರೀಮ್ ಮುಚ್ಚಿದಾಗ ಪೋರ್ಟ್ ಕೂಡ ಮುಚ್ಚುವಂತೆ ನೀವೇ ಬರೆಯಬೇಕು. ತಿಂಗಳುಗಟ್ಟಲೆ ನಿಲ್ಲದೆ ಓಡುವ ಸಾಧನದಲ್ಲಿ ಇದನ್ನು ಮರೆತರೆ, ತೆರೆದೇ ಉಳಿದ ಪೋರ್ಟ್ ಮುಂದಿನ ಸಂಪರ್ಕಕ್ಕೆ ಅಡ್ಡ ನಿಲ್ಲುತ್ತದೆ. ಕಾಯುವ ಅವಧಿಯದೂ ಇದೇ ಕಥೆ. ‘ರೀಡ್‌ಟೈಮ್‌ಔಟ್’ನ ಮೂಲ ಬೆಲೆ 0, ಅಂದರೆ ಕೊನೆಯಿಲ್ಲದ ಕಾಯುವಿಕೆ. ಬಳಕೆದಾರ 2000 ಮಿಲಿಸೆಕೆಂಡ್ ಎಂದು ಕೊಟ್ಟರೂ ಅದನ್ನು ಪಾಲಿಸುವ ಹೊಣೆ ನಿಮ್ಮ ಕ್ಲಾಸಿನದೇ. ಪೋರ್ಟನ್ನು ಸಾಮಾನ್ಯ ಕಡತದಂತೆ ಫೈಲ್‌ಇನ್‌ಪುಟ್‌ಸ್ಟ್ರೀಮ್‌ನಲ್ಲಿ ತೆರೆದರೆ ಇದು ಸಾಧ್ಯವಾಗದು. ಜೆಸೀರಿಯಲ್‌ಕಾಮ್‌ನಂತಹ ಲೈಬ್ರರಿ ಬಳಸಿ, ಅವಧಿಯನ್ನು ಅದಕ್ಕೆ ದಾಟಿಸಿ.

ಬಳಿಕ ಯುಆರ್‌ಎಲ್‌ಸ್ಟ್ರೀಮ್‌ಹ್ಯಾಂಡ್ಲರ್ (ವಿಳಾಸದ ಬಗೆಗೆ ತಕ್ಕ ಸಂಪರ್ಕ ಕೊಡುವ ಕ್ಲಾಸ್) ವಿಸ್ತರಿಸಿ, ‘ಓಪನ್‌ಕನೆಕ್ಷನ್’ನಲ್ಲಿ ನಿಮ್ಮ ಸಂಪರ್ಕವನ್ನು ಹಿಂತಿರುಗಿಸಿ. ಒಂದೇ ಸಾಲಿನ ಕೆಲಸ.

ಉಳಿದದ್ದು ಈ ಹ್ಯಾಂಡ್ಲರನ್ನು ಜಾವಾಕ್ಕೆ ಪರಿಚಯಿಸುವ ನೋಂದಣಿ. ‘ಸೆಟ್‌ಯುಆರ್‌ಎಲ್‌ಸ್ಟ್ರೀಮ್‌ಹ್ಯಾಂಡ್ಲರ್‌ಫ್ಯಾಕ್ಟರಿ’ಯನ್ನು ಒಂದು ಜೆವಿಎಂನಲ್ಲಿ (ಜಾವಾ ಪ್ರೋಗ್ರಾಂ ಓಡಿಸುವ ವ್ಯವಸ್ಥೆ) ಒಮ್ಮೆ ಮಾತ್ರ ಕರೆಯಬಹುದು, ಇನ್ನಾವುದೋ ಲೈಬ್ರರಿ ಆಗಲೇ ಕರೆದಿದ್ದರೆ ನಿಮ್ಮ ಪ್ರೋಗ್ರಾಂ ಎರರ್ ಎಸೆದು ನಿಲ್ಲುತ್ತದೆ. ಹಾಗಾಗಿ ಜಾವಾ 9ರಲ್ಲಿ ಬಂದ ಯುಆರ್‌ಎಲ್‌ಸ್ಟ್ರೀಮ್‌ಹ್ಯಾಂಡ್ಲರ್‌ಪ್ರೊವೈಡರ್ ಅನ್ನೇ ಆರಿಸಿಕೊಳ್ಳಿ. ಅದನ್ನು ವಿಸ್ತರಿಸಿದ ಕ್ಲಾಸಿನಲ್ಲಿ ‘ಸೀರಿಯಲ್’ ಹೆಸರು ಬಂದರೆ ಮಾತ್ರ ನಿಮ್ಮ ಹ್ಯಾಂಡ್ಲರ್ ಕೊಡಿ, ಉಳಿದೆಲ್ಲಕ್ಕೂ ನಲ್ (ಖಾಲಿ ಉತ್ತರ) ಕೊಡಿ. ಇಲ್ಲವಾದರೆ ಎಚ್‌ಟಿಟಿಪಿಎಸ್ ವಿಳಾಸಗಳೂ ನಿಮ್ಮ ಸೀರಿಯಲ್ ಪೋರ್ಟಿನತ್ತ ತಿರುಗುತ್ತವೆ!

ಜಾರ್‌ನೊಳಗಿನ ‘ಮೆಟಾ-ಇನ್ಫ್/ಸರ್ವಿಸಸ್’ ಫೋಲ್ಡರಿನಲ್ಲಿ, ಜಾವಾದ ಯುಆರ್‌ಎಲ್‌ಸ್ಟ್ರೀಮ್‌ಹ್ಯಾಂಡ್ಲರ್‌ಪ್ರೊವೈಡರ್ ಕ್ಲಾಸಿನ ಪ್ಯಾಕೇಜ್ ಸಹಿತ ಪೂರ್ಣ ಹೆಸರಿನ ಒಂದು ಕಡತ ಮಾಡಿ, ಒಳಗೆ ಅದನ್ನು ವಿಸ್ತರಿಸಿದ ನಿಮ್ಮ ಕ್ಲಾಸಿನ ಪೂರ್ಣ ಹೆಸರು ಬರೆಯಿರಿ. ಹಲವು ಜಾರ್‌ಗಳನ್ನು ಒಂದಾಗಿ ಕಟ್ಟುವಾಗ ಈ ಕಡತ ಕಳೆದುಹೋಗುವುದುಂಟು. ನಿಮ್ಮ ಗಣಕದಲ್ಲಿ ಓಡಿದ ಪ್ರೋಗ್ರಾಂ ಬೋರ್ಡಿನಲ್ಲಿ ಮತ್ತೆ ‘ಅನ್‌ನೋನ್ ಪ್ರೊಟೊಕಾಲ್’ ಎಂದರೆ ಮೊದಲು ಜಾರ್ ಬಿಚ್ಚಿ ಇದನ್ನೇ ಹುಡುಕಿ.