ಸೊಂಟದ ನೀರಿನಲ್ಲಿ ಹಾಯಿ ಕಲಿತದ್ದು

ಕುಮಟಾ ಕಡೆಯವನಾದರೂ ಸಮುದ್ರವೆಂದರೆ ನನಗೆ ದಡದಲ್ಲಿ ನಿಂತು ನೋಡುವ ವಸ್ತು. ಮಳೆಗಾಲದ ಕಡಲಿಗೆ ಕಾಲು ತಾಗಿಸಿದರೂ ಮನೆಯಲ್ಲಿ ಬೈಗುಳ. ಹಾಗೆ ಬೆಳೆದವನು 43ನೇ ವಯಸ್ಸಿನಲ್ಲಿ, ನೆದರ್ಲೆಂಡ್ಸಿನ ಐಂಡ್‌ಹೋವನ್‌ನ ಆಫೀಸಿಗೆ ರಜೆ ಹಾಕಿ, ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಿಂದ ನೀರಿನಲ್ಲಿ ಸಾಗುವ ಆಟ) ಕಲಿಯಲು ಕೆರಿಬಿಯನ್ ದ್ವೀಪವೊಂದಕ್ಕೆ ಹೊರಟೆ. ಅಪ್ಪ ಫೋನಿನಲ್ಲಿ ಕೇಳಿದರು: "ಅಷ್ಟು ದೂರ ಯಾಕೋ ಮಾರಾಯ, ಅಲ್ಲೆಲ್ಲೂ ನೀರಿಲ್ವಾ?"

ನೀರಿತ್ತು, ಆದರೆ ಆಳ ಜಾಸ್ತಿ. ಹಿಂದಿನ ಬೇಸಿಗೆಯಲ್ಲಿ ನೆದರ್ಲೆಂಡ್ಸಿನದೇ ಒಂದು ಕೆರೆಯಲ್ಲಿ ಎರಡು ದಿನ ಪ್ರಯತ್ನಿಸಿದ್ದೆ. ಬೋರ್ಡಿನ ಮೇಲೆ ನಿಂತದ್ದು ಐದು ನಿಮಿಷವಿರಬಹುದು. ಉಳಿದ ಹೊತ್ತೆಲ್ಲ ತಣ್ಣೀರಿನಿಂದ ತೆವಳಿಕೊಂಡು ಮೇಲೆ ಹತ್ತುವುದೇ ಆಯಿತು. ಹತ್ತುವಷ್ಟರಲ್ಲಿ ತೋಳು ಸೋತಿರುತ್ತದೆ, ಕಲಿಯುವುದು ಯಾವುದರಿಂದ? ಅದಕ್ಕೇ ಮೇ ತಿಂಗಳ ಶಾಲಾ ರಜೆಗೆ ಜಾಗ ಹುಡುಕುವಾಗ ಹೋಟೆಲ್ ಹೇಗಿದೆ ಅಂತ ನೋಡಲಿಲ್ಲ. ಬಿದ್ದರೆ ಕಾಲು ನೆಲಕ್ಕೆ ತಾಗುತ್ತದೆಯೇ ಎಂಬುದೊಂದನ್ನೇ ನೋಡಿದೆ.

ಹಾಗೆ ಸಿಕ್ಕಿದ್ದು ಬೊನೇರ್. ವೆನೆಜುವೆಲಾದ ಉತ್ತರಕ್ಕಿರುವ ಪುಟ್ಟ ದ್ವೀಪ, 2010ರ ಅಕ್ಟೋಬರ್ 10ರಿಂದ ನೆದರ್ಲೆಂಡ್ಸಿನ ವಿಶೇಷ ಪುರಸಭೆ. ಡಚ್ಚರದ್ದಲ್ಲವೇ ಎಂದು ಜೇಬು ತುಂಬ ಯೂರೋ ಒಯ್ದೆ. ಅಲ್ಲಿ ನಡೆಯುವುದು ಅಮೆರಿಕನ್ ಡಾಲರ್! ಮನೆಮಾತು ಪಾಪಿಯಾಮೆಂಟು. ದ್ವೀಪದ ಪೂರ್ವ ಮಗ್ಗುಲಲ್ಲಿ ಲಾಕ್ ಬೇ ಎಂಬ ಕೊಲ್ಲಿಯಿದೆ. ಅದರ ಬಾಯಿಗೆ ಅಡ್ಡವಾಗಿ ಹವಳದ ದಿಬ್ಬ. ದೊಡ್ಡ ಅಲೆಗಳೆಲ್ಲ ಅಲ್ಲೇ ಒಡೆದು, ಒಳಗೆ ಗಾಳಿ ಮಾತ್ರ ಬರುತ್ತದೆ. ಸೊರೊಬಾನ್ ದಂಡೆಯಿಂದ ಎಷ್ಟೋ ದೂರದವರೆಗೆ ನೀರು ಸೊಂಟ ದಾಟುವುದಿಲ್ಲ. ಟಾಟಿ ಫ್ರಾನ್ಸ್, ಕಿರಿ ಥೋಡೆಯಂಥ ಜಗತ್ಪ್ರಸಿದ್ಧ ವಿಂಡ್‌ಸರ್ಫರ್‌ಗಳು ಈ ದ್ವೀಪದವರು.

ಗಾಳಿಯದ್ದು ಇನ್ನೊಂದು ಬೆರಗು. ಶಾಲೆಯಲ್ಲಿ 'ವಾಣಿಜ್ಯ ಮಾರುತಗಳು' ಅಂತ ಉರು ಹೊಡೆದದ್ದು ಪರೀಕ್ಷೆ ಮುಗಿದ ಕೂಡಲೇ ಮರೆತುಹೋಗಿತ್ತು. ಇಲ್ಲಿ ಅದು ಮುಖಕ್ಕೇ ಬಡಿಯಿತು. ಪೂರ್ವದಿಂದ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಸಮ ಬೀಸುವ ಗಾಳಿ. ದ್ವೀಪದ ದಿವಿದಿವಿ ಮರಗಳೆಲ್ಲ ಪಶ್ಚಿಮಕ್ಕೆ ಬಾಗಿ, ತಲೆ ಬಾಚಿಸಿಕೊಂಡಂತೆ ನಿಂತಿವೆ.

ಕಲಿಸಿದವನು ಇಪ್ಪತ್ತೈದರ ಆಸುಪಾಸಿನ ಸ್ಥಳೀಯ ಹುಡುಗ. ಮೊದಲ ದಿನ ಬಾಗಿಲಿನಷ್ಟು ಅಗಲದ, 200 ಲೀಟರ್ ಮೀರಿದ ಬೋರ್ಡು ಕೊಟ್ಟ, ಮೂರೂವರೆ ಚದರ ಮೀಟರಿನ ಹಾಯಿ ಕೊಟ್ಟ. ಬೋರ್ಡಿನ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆಂಬುದೇ ನನಗೆ ಹೊಸದು. ಗಾಳಿಗೆ ಬೆನ್ನು ಕೊಟ್ಟು, ಹಾಯಿ ಕಟ್ಟಿದ ಕಂಬದ ಎರಡು ಬದಿಗೆ ಕಾಲಿಟ್ಟು, ಹಗ್ಗ ಹಿಡಿದು ನೀರಿನಿಂದ ಹಾಯಿಯನ್ನು ಎತ್ತಬೇಕು. ನಾನು ಬಾವಿಯಿಂದ ಕೊಡಪಾನ ಸೇದುವಂತೆ ತೋಳಿನಿಂದ ಎಳೆದೆ. ಹತ್ತು ಸಲಕ್ಕೆ ಸೊಂಟ ಹಿಡಿಯಿತು. ಹುಡುಗ ನಕ್ಕು, ಮಂಡಿ ಬಗ್ಗಿಸಿ, ಕೈ ನೇರವಿಟ್ಟು ಸುಮ್ಮನೆ ಹಿಂದಕ್ಕೆ ವಾಲಿ ತೋರಿಸಿದ. ಮೈಯ ಭಾರಕ್ಕೇ ಹಾಯಿ ಮೇಲೆದ್ದು ಬಂತು. ಹಾಯಿಯೊಳಗಿನ ನೀರು ಸೋರಿಹೋಗಲು ಎರಡು ಉಸಿರಿನಷ್ಟು ಕಾಯಬೇಕು, ಅಷ್ಟೇ. ಆ ಎರಡು ಉಸಿರಿನ ತಾಳ್ಮೆ ನನಗೆ ಬರಲು ಎರಡು ದಿನ ಹಿಡಿಯಿತು.

ಒಂಬತ್ತು ವರ್ಷದ ಮಗಳು ಇಷ್ಟನ್ನೆಲ್ಲ ಮೊದಲ ಮಧ್ಯಾಹ್ನವೇ ಮುಗಿಸಿ, "ಪಪ್ಪಾ, ಕಾಲು ನೋಡ್ಬೇಡ, ಹೋಗೋ ಕಡೆ ನೋಡು" ಅಂತ ನನಗೇ ಪಾಠ ಹೇಳಿದಳು. ಸಿಟ್ಟು ಬಂದರೂ ಮಾತು ಸರಿಯಿತ್ತು. ಕಾಲು ನೋಡಿದರೆ ತಲೆ ಬಗ್ಗುತ್ತದೆ, ಬೆನ್ನು ಗೂನಾಗುತ್ತದೆ, ಗಾಳಿ ಒಮ್ಮೆ ಜಗ್ಗಿದರೆ ಹಾಯಿಯ ಮೇಲೇ ಮುಗ್ಗರಿಸುತ್ತೇವೆ. ಗಾಳಿ ಜಾಸ್ತಿಯಾದಾಗ ಹಿಂದಿನ ಕೈ ಸಡಿಲ ಬಿಡಬೇಕು. ಹೆದರಿದ ಮೈ ಮಾಡುವುದು ಮಾತ್ರ ಅದರ ಉಲ್ಟಾ, ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ.

ಮೂರನೇ ದಿನ ಸಲೀಸಾಗಿ ಹೋಗಿ ಬಂದೆ. ನಾಲ್ಕನೇ ದಿನ ಹುಡುಗ ಇಲ್ಲದಾಗ ಐದು ಚದರ ಮೀಟರಿನ ಹಾಯಿ ತೆಗೆದುಕೊಂಡೆ. ಹೋಗುವಾಗ ಸ್ವರ್ಗ. ಆದರೆ ಪ್ರತಿ ತಿರುವಿನಲ್ಲೂ ಗಾಳಿ ನನ್ನನ್ನು ತಾನು ಬೀಸುವ ಕಡೆಗೆ ಒಂದಿಷ್ಟು ತಳ್ಳುತ್ತಿದ್ದುದು ಗಮನಕ್ಕೇ ಬರಲಿಲ್ಲ. ತಲೆಯೆತ್ತಿ ನೋಡಿದರೆ ಕೊಲ್ಲಿಯ ಒಳಮೂಲೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ ಇದ್ದೇನೆ. ಕಾಂಡ್ಲಾ ಕಂಡು ಅಘನಾಶಿನಿ ನೆನಪಾದದ್ದು ನಿಜ, ಆದರೆ ನೆನಪಿನಿಂದ ದಡ ಸೇರಲಾಗುವುದಿಲ್ಲ. ಕಂಬವನ್ನು ಹಿಂದಕ್ಕೆ ವಾಲಿಸಿದರೆ ಬೋರ್ಡಿನ ಮೂತಿ ಗಾಳಿಯತ್ತ ಏರುತ್ತದೆ, ಮುಂದಕ್ಕೆ ವಾಲಿಸಿದರೆ ಗಾಳಿಯಿಂದ ದೂರ ಸರಿಯುತ್ತದೆ. ಇದು ಬಾಯಿಪಾಠವಿತ್ತು, ಕೈಗೆ ಬಂದಿರಲಿಲ್ಲ. ಕೊನೆಗೆ ಕೆಳಗಿಳಿದು, ಬೋರ್ಡು ಎಳೆದುಕೊಂಡು ಮುಕ್ಕಾಲು ಗಂಟೆ ನಡೆದೆ. ಕಡಲ ಹುಲ್ಲಿನ ನಡುವೆ ಬೆನ್ನು ಕೆಳಗೆ ಮಾಡಿ ಮಲಗಿದ ಜೆಲ್ಲಿ ಫಿಶ್‌ಗಳು. ನೀರಿಗೆ ಹಾಕುವ ರಬ್ಬರ್ ಶೂ ಇಲ್ಲದಿದ್ದರೆ ಕಾಲೆಲ್ಲ ಉರಿಯುತ್ತಿತ್ತು. ಆಳದ ಕಡಲಾಗಿದ್ದರೆ ಯಾರಾದರೂ ದೋಣಿ ತಂದು ಎತ್ತಿಕೊಂಡು ಹೋಗಬೇಕಿತ್ತು.

ಅಂಗೈಯಲ್ಲಿ ಐದು ಬೊಕ್ಕೆ. ಮರುದಿನ ಹಾಯಿಗೆ ರಜೆ, ದಕ್ಷಿಣದ ಉಪ್ಪಿನಾಗರ ನೋಡಲು ಹೋದೆವು. ಸಾಣಿಕಟ್ಟಾದ ಉಪ್ಪಿನ ಗದ್ದೆ ನೋಡಿ ಬೆಳೆದ ನನಗೆ ಗುಲಾಬಿ ಬಣ್ಣದ ಪಾತಿಗಳು, ಆಚೆ ಬಿಳಿ ಗುಡ್ಡಗಳು ಹೊಸದಾದರೂ ಅಪರಿಚಿತವಲ್ಲ. ರಸ್ತೆಯ ಇನ್ನೊಂದು ಬದಿ ಗುಲಾಮರ ಗುಡಿಸಲುಗಳು. ಕಲ್ಲಿನ ಆ ಗೂಡುಗಳೊಳಗೆ ನೆಟ್ಟಗೆ ನಿಲ್ಲಲಾಗದು. ಡಚ್ಚರು ಇಲ್ಲಿ ಗುಲಾಮಗಿರಿ ರದ್ದು ಮಾಡಿದ್ದು 1863ರಲ್ಲಿ. ಮಗಳು ಬಗ್ಗಿ ಒಳಗೆ ಹೋಗಿ ಕೂಡಲೇ ಹೊರಬಂದಳು, ಏನೂ ಹೇಳಲಿಲ್ಲ. ಆ ರಾತ್ರಿ ಫುಂಚಿ ತಿಂದೆವು, ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಮಂಡ್ಯದವಳಾದ ಹೆಂಡತಿ ಎರಡನೇ ಸಲ ಹಾಕಿಸಿಕೊಂಡಳು, ಸಾರು ಮಾತ್ರ ಸಪ್ಪೆ ಅಂದಳು.

ಹೋಗುವವರು ಕೈಗೆ ಸುತ್ತುವ ಟೇಪು, ತೋಳು ಮುಚ್ಚುವ ಲೈಕ್ರಾ ಅಂಗಿ, ಹವಳಕ್ಕೆ ಹಾನಿ ಮಾಡದ ಸನ್‌ಸ್ಕ್ರೀನ್ ಒಯ್ಯಿರಿ. ಬಾಡಿಗೆಯನ್ನು ವಾರಪೂರ್ತಿಗೆ ಒಟ್ಟಿಗೆ ಕೊಟ್ಟುಬಿಡಬೇಡಿ. ನಾನು ಕೊಟ್ಟಿದ್ದೆ, ಬೊಕ್ಕೆಯ ದಿನದ ಹಣ ಮರಳಿ ಬರಲಿಲ್ಲ.

ಕೊನೆಯ ಬೆಳಿಗ್ಗೆ ಮತ್ತೆ ಚಿಕ್ಕ ಹಾಯಿಯನ್ನೇ ಹಿಡಿದೆ. ಗಾಳಿಗೆ ಎದುರಾಗಿ ಮೂತಿ ತಿರುಗಿಸಿ, ಕಂಬದ ಮುಂದಿನಿಂದ ಪುಟ್ಟ ಹೆಜ್ಜೆಯಿಟ್ಟು ಆಚೆ ಬದಿಗೆ ದಾಟಿದೆ, ಬೀಳಲಿಲ್ಲ. ಹೊರಟ ಜಾಗಕ್ಕೇ ವಾಪಸು ಬಂದು ನೋಡಿದರೆ, ಹುಡುಗ ಇನ್ಯಾರಿಗೋ ಹಗ್ಗ ಎಳೆಯುವುದು ಹೇಗೆಂದು ತೋರಿಸುತ್ತಿದ್ದ. ನನ್ನ ಕಡೆ ನೋಡಿರಲಿಲ್ಲ. ಇನ್ನೊಂದು ಸುತ್ತು ಹೊರಟೆ, ಆಗ ಬಿದ್ದೆ.